ಭಾರದ ಸ್ಟ್ರೈಕರ್, ದಪ್ಪ ಬೋರ್ಡ್, ಬೋರಿಕ್ ಪೌಡರ್: ಕೇರಂ ಸಾಮಾನು ಕೊಳ್ಳುವಾಗ ಯಾವ ಮಾತು ನಂಬಬೇಕು?

ಬೇಸಿಗೆ ರಜೆ ಶುರುವಾದ ಕೂಡಲೇ ಅಟ್ಟದ ಮೇಲಿದ್ದ ಕೇರಂ ಬೋರ್ಡ್ ಕೆಳಗಿಳಿಯುತ್ತದೆ. ಧೂಳು ಒರೆಸಿ ನೋಡಿದರೆ ಎರಡು ಕಾಯಿನ್ ಕಾಣೆ, ಸ್ಟ್ರೈಕರ್ ಅಂಚಿನಲ್ಲಿ ಚಕ್ಕೆ ಎದ್ದಿದೆ, ಪೌಡರ್ ಡಬ್ಬಿ ಖಾಲಿ. ಹೊಸದು ತರೋಣ ಎಂದು ಮೊಬೈಲಿನಲ್ಲಿ ಹುಡುಕಿದರೆ ನೂರಾರು ಬಗೆ. ಒಂದರ ಬೆಲೆ ಇನ್ನೊಂದರ ಹತ್ತು ಪಟ್ಟು. ಮನೆಯ ಗ್ರೂಪಿನಲ್ಲಿ ಕೇಳಿದರೆ ಸಲಹೆಗಳ ಮಳೆ.

ಆ ಸಲಹೆಗಳಲ್ಲಿ ಪದೇಪದೇ ಬರುವ ಕೆಲವು ಮಾತುಗಳು ಹೀಗಿರುತ್ತವೆ:

• ಸ್ಟ್ರೈಕರ್ ಭಾರ ಇದ್ದಷ್ಟೂ ಹೊಡೆತ ಜೋರು.
• ಬೋರ್ಡ್ ಎಷ್ಟು ದಪ್ಪವೋ ಅಷ್ಟು ರೀಬೌಂಡ್.
• ಬೋರಿಕ್ ಪೌಡರ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ, ಹಾಗಾಗಿ ಅಪಾಯವಿಲ್ಲ.
• ಕೇರಂ ಪೌಡರ್ ಮುಟ್ಟಿದರೆ ಮಕ್ಕಳಾಗುವುದಿಲ್ಲ.
• ಪೌಡರ್ ಮುಗಿದರೆ ಮೈದಾ ಹಿಟ್ಟು ಅಥವಾ ಮಗುವಿನ ಟಾಲ್ಕಂ ಪೌಡರ್ ಸಾಕು.

ಇವುಗಳಲ್ಲಿ ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ಸತ್ಯ. ಕೆಲವು ನಂಬಿದರೆ ದುಡ್ಡು ಹೋಗುತ್ತದೆ ಅಷ್ಟೇ. ಆದರೆ ಪೌಡರ್ ವಿಷಯದ ಒಂದು ಮಾತು ನಂಬಿದರೆ ಮನೆಯ ಪುಟ್ಟ ಮಗುವಿಗೆ ತೊಂದರೆಯಾಗಬಹುದು. ಒಂದೊಂದಾಗಿ ನೋಡೋಣ.

ಮೊದಲು ಅಳತೆಗೋಲು ಯಾವುದು?

ಸಾಮಾನು ಚೆನ್ನಾಗಿದೆಯೇ ಎಂದು ಹೇಳಲು ಒಂದು ಅಳತೆ ಬೇಕು. ಕೇರಂಗೆ ಅದು ಇದೆ. ಅಂತರರಾಷ್ಟ್ರೀಯ ಕೇರಂ ಫೆಡರೇಶನ್ 1988ರಲ್ಲಿ ಚೆನ್ನೈನಲ್ಲಿ ಹುಟ್ಟಿತು. ಅದರ ನಿಯಮಗಳಲ್ಲಿ ಬೋರ್ಡ್, ಕಾಯಿನ್, ಸ್ಟ್ರೈಕರ್ ಎಲ್ಲದಕ್ಕೂ ಅಳತೆ ಹೇಳಿದ್ದಾರೆ. ಮುಖ್ಯವಾದವು ಇವು:

• ಆಡುವ ಜಾಗ: ಪ್ರತಿ ಬದಿ 73.5ರಿಂದ 74 ಸೆಂ.ಮೀ. ಇರುವ ಚೌಕ
• ಬೋರ್ಡಿನ ದಪ್ಪ: 8 ಮಿ.ಮೀ.ಗಿಂತ ಕಡಿಮೆ ಇರಬಾರದು
• ಪಾಕೆಟ್: ಸುಮಾರು 4.45 ಸೆಂ.ಮೀ. ವ್ಯಾಸ
• ಸ್ಟ್ರೈಕರ್: ವ್ಯಾಸ 4.13 ಸೆಂ.ಮೀ. ಮೀರಬಾರದು, ತೂಕ 15 ಗ್ರಾಂ ಮೀರಬಾರದು
• ಕಾಯಿನ್: ವ್ಯಾಸ 3.02ರಿಂದ 3.18 ಸೆಂ.ಮೀ., ದಪ್ಪ 7ರಿಂದ 9 ಮಿ.ಮೀ., ತೂಕ 5ರಿಂದ 5.5 ಗ್ರಾಂ

ಮನೆಯಲ್ಲಿ ಆಡಲು ಇಷ್ಟೆಲ್ಲ ನಿಖರತೆ ಬೇಕೇ ಎಂದು ನೀವು ಕೇಳಬಹುದು. ಕಡ್ಡಾಯವಲ್ಲ. ಆದರೆ ಈ ಅಳತೆಗಳು ಒಂದಕ್ಕೊಂದು ಹೊಂದಿಕೊಂಡಿವೆ. ಪಾಕೆಟ್ 4.45, ಸ್ಟ್ರೈಕರ್ 4.13, ಕಾಯಿನ್ 3.1 ಇದ್ದಾಗಲೇ ಆಟ ಅತಿ ಸುಲಭವೂ ಆಗದೆ, ಅತಿ ಕಷ್ಟವೂ ಆಗದೆ ನಡೆಯುತ್ತದೆ. ಚಿಕ್ಕ ಬೋರ್ಡಿಗೆ ದೊಡ್ಡ ಸ್ಟ್ರೈಕರ್ ತಂದರೆ ಅದು ಪಾಕೆಟ್ಟಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ತಪ್ಪು ಸ್ಟ್ರೈಕರಿನದೂ ಅಲ್ಲ, ಬೋರ್ಡಿನದೂ ಅಲ್ಲ, ಜೋಡಿಯದು.

"35 ಇಂಚಿನ ಬೋರ್ಡ್ 33 ಇಂಚಿನದಕ್ಕಿಂತ ದೊಡ್ಡದು": ಅರ್ಧ ಸತ್ಯ

ಜಾಹೀರಾತಿನಲ್ಲಿ ಸಾಮಾನ್ಯವಾಗಿ ಹೊರಗಿನ ಅಳತೆ ಹೇಳುತ್ತಾರೆ. ಅಂದರೆ ಮರದ ಕಟ್ಟು ಸೇರಿಸಿ. 74 ಸೆಂ.ಮೀ. ಎಂದರೆ ಸುಮಾರು 29 ಇಂಚು. ಎರಡೂ ಬದಿಗೆ ಮೂರು ಮೂರು ಇಂಚಿನ ಕಟ್ಟು ಸೇರಿದರೆ 35 ಇಂಚು. ಎರಡೆರಡು ಇಂಚಿನ ಕಟ್ಟು ಸೇರಿದರೆ 33 ಇಂಚು. ಎರಡರಲ್ಲೂ ಆಡುವ ಜಾಗ ಒಂದೇ! ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ "ಎಷ್ಟು ಇಂಚು?" ಅಲ್ಲ, "ಒಳಗಿನ ಅಳತೆ ಎಷ್ಟು?"

ಹಾಗೆಂದು ಅಗಲವಾದ ಕಟ್ಟು ದಂಡ ಅಲ್ಲ. ಸ್ಟ್ರೈಕರ್ ಕಟ್ಟಿಗೆ ಬಡಿದು ವಾಪಸ್ ಬರುತ್ತದೆ. ಕಟ್ಟು ಹಗುರವಾಗಿದ್ದರೆ ಅಥವಾ ಸಡಿಲವಾಗಿದ್ದರೆ ಹೊಡೆತದ ಶಕ್ತಿಯಲ್ಲಿ ಒಂದಷ್ಟನ್ನು ಅದೇ ನುಂಗಿ ಅಲುಗಾಡುತ್ತದೆ. ಕಟ್ಟು ಭಾರವಾಗಿ, ಗಟ್ಟಿ ಮರದ್ದಾಗಿ, ಮೂಲೆಗಳ ಜೋಡಣೆ ಬಿಗಿಯಾಗಿದ್ದರೆ ಆ ಶಕ್ತಿ ಸ್ಟ್ರೈಕರಿಗೇ ವಾಪಸ್ ಸಿಗುತ್ತದೆ. ಚೆಂಡನ್ನು ಗೋಡೆಗೆ ಎಸೆದಾಗ ಚಿಮ್ಮುವುದಕ್ಕೂ, ನೇತುಹಾಕಿದ ಕಂಬಳಿಗೆ ಎಸೆದಾಗ ಜಾರಿ ಬೀಳುವುದಕ್ಕೂ ಇರುವ ವ್ಯತ್ಯಾಸ ಇದೇ.

"ಬೋರ್ಡ್ ದಪ್ಪ ಇದ್ದಷ್ಟೂ ರೀಬೌಂಡ್ ಹೆಚ್ಚು": ತಪ್ಪು ತಿಳಿವಳಿಕೆ

ಈಗ ಹೇಳಿದ ಮಾತಿನಿಂದಲೇ ಇದಕ್ಕೆ ಉತ್ತರ ಸಿಗುತ್ತದೆ. ರೀಬೌಂಡ್ ಮುಖ್ಯವಾಗಿ ಬರುವುದು ಕಟ್ಟಿನಿಂದ, ಪ್ಲೈವುಡ್ಡಿನ ದಪ್ಪದಿಂದಲ್ಲ. ದಪ್ಪ ಬೇಕಾಗಿರುವುದು ಬೇರೆ ಕಾರಣಕ್ಕೆ: ಬೋರ್ಡ್ ಬಾಗದೆ ಸಮತಟ್ಟಾಗಿ ಉಳಿಯಬೇಕು.

ಹಲಗೆಯೊಂದು ಬಾಗುವುದನ್ನು ತಡೆಯುವ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. ಒಂದೇ ಗುಣಮಟ್ಟದ ಪ್ಲೈ ಆದರೆ 4 ಮಿ.ಮೀ. ಬೋರ್ಡಿಗಿಂತ 8 ಮಿ.ಮೀ. ಬೋರ್ಡ್ ಎಂಟು ಪಟ್ಟು ಗಟ್ಟಿ. 8ರಿಂದ 12ಕ್ಕೆ ಹೋದರೆ ಸುಮಾರು ಮೂರೂಕಾಲು ಪಟ್ಟು. ಹಾಗಾಗಿ 4 ಮಿ.ಮೀ. ಬಿಟ್ಟು 8 ಮಿ.ಮೀ.ಗೆ ಹೆಚ್ಚು ಕೊಡುವುದು ನ್ಯಾಯ. 12 ಕೂಡ ಒಳ್ಳೆಯದೇ. ಅದಕ್ಕೂ ಮೇಲೆ 18, 20 ಎಂದು ಹೋದರೆ ಮನೆಯ ಆಟಕ್ಕೆ ಸಿಗುವ ಲಾಭ ಕಡಿಮೆ, ಹೊತ್ತು ಇಳಿಸುವ ಬೆನ್ನಿಗೆ ಭಾರ ಜಾಸ್ತಿ.

ದಪ್ಪ ಇದ್ದ ಮಾತ್ರಕ್ಕೆ ಗುಣಮಟ್ಟ ಇದೆ ಎಂದೂ ಅಲ್ಲ. ಪ್ಲೈವುಡ್ ಎಂದರೆ ತೆಳುವಾದ ಮರದ ಹಾಳೆಗಳನ್ನು ಅಡ್ಡ ಉದ್ದ ಜೋಡಿಸಿ ಅಂಟಿಸಿದ್ದು. ಒಳಗೆ ಎಲ್ಲಾದರೂ ಟೊಳ್ಳು ಉಳಿದಿದ್ದರೆ ಮೇಲಿನಿಂದ ಕಾಣುವುದಿಲ್ಲ, ಕೇಳಿಸುತ್ತದೆ. ಬೆರಳಿನ ಗೆಣ್ಣಿನಿಂದ ಬೋರ್ಡಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಒಂದು ಕಡೆ ಮಾತ್ರ ಸದ್ದು ಬದಲಾಗಿ "ಡಬ್" ಎಂದರೆ ಅಲ್ಲಿ ಅನುಮಾನ ಪಡಿ. ತೆಂಗಿನಕಾಯಿ ತಟ್ಟಿ ಕೊಳ್ಳುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಅಂಗಡಿಯಲ್ಲೇ ಮಾಡಬಹುದಾದ ಇನ್ನೂ ಮೂರು ಪರೀಕ್ಷೆಗಳಿವೆ.

ದಾರದ ಪರೀಕ್ಷೆ: ಒಂದು ಮೂಲೆಯಿಂದ ಎದುರು ಮೂಲೆಗೆ ದಾರವನ್ನು ಬೋರ್ಡಿನ ಮೈಗೆ ತಾಗುವಂತೆ ಬಿಗಿಯಾಗಿ ಹಿಡಿಯಿರಿ. ಮಧ್ಯದಲ್ಲಿ ದಾರದ ಕೆಳಗೆ ಬೆಳಕು ಕಂಡರೆ ಬೋರ್ಡ್ ತಗ್ಗಾಗಿದೆ. ಮಧ್ಯದಲ್ಲಿ ಮಾತ್ರ ತಾಗಿ ತುದಿಗಳಲ್ಲಿ ಎದ್ದರೆ ಉಬ್ಬಿದೆ. ಎರಡೂ ಕರ್ಣಗಳಲ್ಲಿ ನೋಡಿ.

ನಿಧಾನದ ಪರೀಕ್ಷೆ: ಮೇಜು ಸಮವಾಗಿದೆ ಎಂದು ಖಚಿತಪಡಿಸಿಕೊಂಡು ಒಂದು ಕಾಯಿನ್ನನ್ನು ಮೆಲ್ಲಗೆ ತಳ್ಳಿ. ನಿಲ್ಲುವ ಮುನ್ನ ಅದು ಪ್ರತಿ ಸಲ ಒಂದೇ ಕಡೆ ತಿರುಗಿದರೆ ಮೈ ಸಮವಿಲ್ಲ. ಜೋರಾಗಿ ಹೊಡೆದರೆ ಈ ದೋಷ ಗೊತ್ತಾಗುವುದಿಲ್ಲ. ಮೇಜು ಸಮವಾಗಿದೆಯೇ ಎಂದು ನೋಡಲು ಬಹಳಷ್ಟು ಮೊಬೈಲುಗಳಲ್ಲಿ ಲೆವೆಲ್ ತೋರಿಸುವ ಸೌಲಭ್ಯ ಇದೆ. ಕ್ಯಾಮೆರಾ ಉಬ್ಬು ಇರುವುದರಿಂದ ಮೊಬೈಲನ್ನು ಬೆನ್ನಿನ ಮೇಲೆ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ನೋಡಿ.

ಮೂರೂವರೆಯ ಪರೀಕ್ಷೆ: ಸ್ವಲ್ಪ ಪೌಡರ್ ಹಾಕಿ ಸ್ಟ್ರೈಕರನ್ನು ಬಲವಾಗಿ ಎದುರಿನ ಕಟ್ಟಿಗೆ ಹೊಡೆದರೆ ಅದು ಆಚೆಯಿಂದ ಈಚೆಗೆ ಮೂರೂವರೆ ಸಲವಾದರೂ ಓಡಾಡಬೇಕು ಎಂಬುದು ಸ್ಪರ್ಧೆಯ ಬೋರ್ಡಿನ ಅಳತೆ. ಎರಡು ಸಲ ಓಡಿ ನಿಂತರೆ ಕಟ್ಟು ಅಥವಾ ಮೈ ಎರಡರಲ್ಲೊಂದು ಚೆನ್ನಾಗಿಲ್ಲ.

"ಭಾರದ ಸ್ಟ್ರೈಕರ್, ಜೋರು ಹೊಡೆತ": ಲೆಕ್ಕ ಬೇರೆಯೇ ಹೇಳುತ್ತದೆ

ಸ್ಟ್ರೈಕರ್ ಕೊಳ್ಳುವಾಗ ನಾವು ಅತಿ ಹೆಚ್ಚು ಮೋಸ ಹೋಗುವುದು ಈ ಮಾತಿನಿಂದ. ಕೈಗೆ ಭಾರ ಎನಿಸಿದರೆ "ಒಳ್ಳೆ ಮಾಲು" ಎಂದುಕೊಳ್ಳುತ್ತೇವೆ.

ಸ್ಟ್ರೈಕರ್ ನಿಂತಿರುವ ಕಾಯಿನ್ನಿಗೆ ನೇರವಾಗಿ ಬಡಿದಾಗ ತನ್ನ ಶಕ್ತಿಯ ಒಂದು ಪಾಲನ್ನು ಅದಕ್ಕೆ ಕೊಡುತ್ತದೆ. ಎಷ್ಟು ಪಾಲು ಎಂಬುದು ಎರಡರ ತೂಕದ ಮೇಲೆ ನಿಂತಿದೆ. ಎರಡೂ ಒಂದೇ ತೂಕವಾದರೆ ಪೂರ್ತಿ ಶಕ್ತಿ ದಾಟುತ್ತದೆ. ಕಾಯಿನ್ನಿಗೆ ಕಾಯಿನ್ ನೇರವಾಗಿ ಹೊಡೆದಾಗ ಮೊದಲನೆಯದು ಹೆಚ್ಚುಕಡಿಮೆ ಅಲ್ಲೇ ನಿಂತು ಎರಡನೆಯದು ಓಡುವುದನ್ನು ನೀವು ನೋಡಿರುತ್ತೀರಿ. ತೂಕದ ವ್ಯತ್ಯಾಸ ಹೆಚ್ಚಿದಂತೆ ದಾಟುವ ಪಾಲು ಕಡಿಮೆಯಾಗುತ್ತದೆ.

ಶಾಲೆಯ ಭೌತಶಾಸ್ತ್ರದ ಸೂತ್ರದಲ್ಲಿ ಲೆಕ್ಕ ಹಾಕೋಣ. ಕಾಯಿನ್ 5.25 ಗ್ರಾಂ ಇರಲಿ. ನೇರ ಹೊಡೆತ, ಡಿಕ್ಕಿಯಲ್ಲಿ ಶಕ್ತಿ ಪೋಲಾಗುವುದಿಲ್ಲ ಎಂದುಕೊಳ್ಳೋಣ. 15 ಗ್ರಾಂ ಸ್ಟ್ರೈಕರ್ ತನ್ನ ಶಕ್ತಿಯ ಶೇ. 77ರಷ್ಟನ್ನು ಕಾಯಿನ್ನಿಗೆ ಕೊಡುತ್ತದೆ. 20 ಗ್ರಾಂ ಸ್ಟ್ರೈಕರ್ ಕೊಡುವುದು ಶೇ. 66 ಮಾತ್ರ. ಅಂದರೆ ನಿಮ್ಮ ಬೆರಳು ಎರಡಕ್ಕೂ ಒಂದೇ ಶಕ್ತಿ ಕೊಟ್ಟರೆ, ಭಾರದ ಸ್ಟ್ರೈಕರ್ ಹೊಡೆದ ಕಾಯಿನ್ ಸ್ವಲ್ಪ ನಿಧಾನವಾಗಿಯೇ ಹೋಗುತ್ತದೆ!

ಉಳಿದ ಶಕ್ತಿ ಎಲ್ಲಿ ಹೋಯಿತು? ಸ್ಟ್ರೈಕರಿನಲ್ಲೇ ಉಳಿಯಿತು. 15 ಗ್ರಾಂ ಸ್ಟ್ರೈಕರಿನಲ್ಲಿ ಶೇ. 23, 20 ಗ್ರಾಂ ಸ್ಟ್ರೈಕರಿನಲ್ಲಿ ಶೇ. 34. ಆ ಶಕ್ತಿಯಿಂದ ಅದು ಕಾಯಿನ್ನಿನ ಬೆನ್ನು ಹತ್ತಿ ಹೋಗುತ್ತದೆ. ನೇರ ಹೊಡೆತದಲ್ಲಿ ಕಾಯಿನ್ ಜತೆ ಸ್ಟ್ರೈಕರೂ ಪಾಕೆಟ್ಟಿಗೆ ಬಿದ್ದು ಫೈನ್ ಕಟ್ಟುವ ಸಂದರ್ಭ ಹೆಚ್ಚುತ್ತದೆ.

ಹಾಗಾದರೆ 10 ಗ್ರಾಂ ಸ್ಟ್ರೈಕರ್ ಇನ್ನೂ ಒಳ್ಳೆಯದೇ? ಸೂತ್ರದಲ್ಲಿ ಹೌದು, ಶೇ. 90 ದಾಟುತ್ತದೆ. ಆದರೆ ಬೆರಳಿಗೂ ಒಂದು ಮಿತಿ ಇದೆ. ಸ್ಟ್ರೈಕರ್ ಎಷ್ಟೇ ಹಗುರವಾದರೂ ಬೆರಳು ತನ್ನ ವೇಗ ಮೀರಿ ಓಡಲಾರದು. ಹಾಗಾಗಿ ತೀರಾ ಹಗುರವಾದರೆ ನಿಮ್ಮ ಶಕ್ತಿ ಪೂರ್ತಿ ಸ್ಟ್ರೈಕರಿಗೆ ಸೇರುವುದೇ ಇಲ್ಲ. ಜತೆಗೆ ಆಟದ ಮೊದಲ ಹೊಡೆತದಲ್ಲಿ ಗುಂಪಾಗಿ ಕುಳಿತ 19 ಕಾಯಿನ್ ಒಡೆಯಬೇಕು. ಅಲ್ಲಿ ಸ್ವಲ್ಪ ತೂಕ ಇದ್ದರೆ ಅನುಕೂಲ. ಎರಡೂ ಕಡೆ ಹೊಂದಿಸಿದ ಮಧ್ಯದ ದಾರಿಯೇ 15 ಗ್ರಾಂ ಮಿತಿಯ ಆಸುಪಾಸು. 20, 25 ಗ್ರಾಂ ಎಂದು ಹೆಮ್ಮೆಯಿಂದ ಬರೆದು ಮಾರುವ ಸ್ಟ್ರೈಕರಿಗೆ ಹೆಚ್ಚು ದುಡ್ಡು ಕೊಟ್ಟರೆ ಸ್ಪರ್ಧೆಯಲ್ಲೂ ನಡೆಯುವುದಿಲ್ಲ, ಮನೆಯಲ್ಲೂ ಲಾಭವಿಲ್ಲ. ಲೋಹದ ಸ್ಟ್ರೈಕರಂತೂ ಕಾಯಿನ್ನಿನ ಅಂಚನ್ನೂ ಬೋರ್ಡಿನ ಪಾಲಿಶನ್ನೂ ಹಾಳು ಮಾಡುತ್ತದೆ.

"ಇದು ಅಸಲಿ ಆನೆದಂತದ ಸ್ಟ್ರೈಕರ್" ಎಂದು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ದೂರ ಇರಿ. ಭಾರತದಲ್ಲಿ ಆನೆದಂತದ ವ್ಯಾಪಾರ ಅಪರಾಧ. ಅಸಲಿಯಾದರೆ ಕಾನೂನಿನ ತೊಡಕು, ನಕಲಿಯಾದರೆ ದುಡ್ಡು ನಷ್ಟ.

ತಕ್ಕಡಿ ಇಲ್ಲದೆ ಸ್ಟ್ರೈಕರ್ ತೂಗುವುದು ಹೇಗೆ?

ಹತ್ತು ರೂಪಾಯಿಯ ಎರಡು ನಾಣ್ಯ ತೆಗೆದುಕೊಳ್ಳಿ. ಎರಡು ಬಣ್ಣದ ಲೋಹದ ಈ ನಾಣ್ಯ ಒಂದಕ್ಕೆ ಸುಮಾರು 7.7 ಗ್ರಾಂ. ಎರಡು ಸೇರಿದರೆ 15.4 ಗ್ರಾಂ. ಒಂದು ಅಡಿಪಟ್ಟಿಯ ನಡುವೆ ಪೆನ್ಸಿಲ್ ಇಟ್ಟು ಚಿಕ್ಕ ತಕ್ಕಡಿ ಮಾಡಿ. ಒಂದು ತುದಿಗೆ ಒಂದರ ಮೇಲೊಂದು ಎರಡು ನಾಣ್ಯ, ಇನ್ನೊಂದು ತುದಿಗೆ ನಡುವಿನಿಂದ ಅಷ್ಟೇ ದೂರದಲ್ಲಿ ಸ್ಟ್ರೈಕರ್ ಇಡಿ. ಸ್ಟ್ರೈಕರಿನ ಕಡೆ ಕೆಳಗೆ ಹೋದರೆ ಅದು 15 ಗ್ರಾಂ ಮೀರಿದೆ. ಒಂದಕ್ಕೊಂದು ಹತ್ತಿರ ತೂಗಿದರೆ ಅಥವಾ ನಾಣ್ಯದ ಕಡೆ ಸ್ವಲ್ಪವೇ ಭಾರವಾದರೆ ಸರಿ ಇದೆ.

(ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂಬ ಇನ್ನೊಂದು ಫಾರ್ವರ್ಡ್ ನಿಮಗೆ ಬಂದಿದ್ದರೆ, ಅದೂ ಸುಳ್ಳು. ಎಲ್ಲ ವಿನ್ಯಾಸದ ಹತ್ತು ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ.)

ತೂಕದ ನಂತರ ನೋಡಬೇಕಾದ್ದು ಅಂಚು. ಉಗುರನ್ನು ಅಂಚಿನ ಸುತ್ತ ಓಡಿಸಿ. ಎಲ್ಲಾದರೂ ತಡೆದರೆ ಬೇಡ. ಆಮೇಲೆ ಕನ್ನಡಿಯ ಮೇಲಿಟ್ಟು ಒಂದು ಬದಿ ಒತ್ತಿ. ಅಲುಗಾಡಿದರೆ ಅದರ ತಳ ಸಮವಿಲ್ಲ. ಒಳಗಿನ ಚಿತ್ತಾರ, ಹೊಳೆಯುವ ಬಣ್ಣ, ವೆಲ್ವೆಟ್ ಪೆಟ್ಟಿಗೆ ಇವು ಉಡುಗೊರೆಗೆ ಚಂದ. ಕಾಯಿನ್ನಿಗೆ ಅವು ಗೊತ್ತಾಗುವುದಿಲ್ಲ.

ಕಾಯಿನ್: ಮರವೋ ಪ್ಲಾಸ್ಟಿಕ್ಕೋ ಎನ್ನುವುದಕ್ಕಿಂತ ಎಲ್ಲವೂ ಒಂದೇ ತರಹವೋ ಎನ್ನುವುದು ಮುಖ್ಯ

ಕೆಲವು ಕಡೆ ಪಾನ್ ಎಂದೂ ಕರೆಯುವ ಈ ಕಾಯಿನ್ನುಗಳಲ್ಲಿ ಒಂಬತ್ತು ಬಿಳಿ, ಒಂಬತ್ತು ಕಪ್ಪು, ಒಂದು ಕೆಂಪು. ಒಂದು ಹಗುರ ಒಂದು ಭಾರ ಇದ್ದರೆ ಒಂದೇ ಹೊಡೆತಕ್ಕೆ ಎರಡು ಫಲಿತಾಂಶ ಬರುತ್ತದೆ, ಮಕ್ಕಳು ಕಲಿಯುವುದೇ ತಪ್ಪಾಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಒಂದು ಕಾಯಿನ್ ಸರಿಯಾಗಿ ತೂಗುವುದು ಕಷ್ಟ. ಹಾಗಾಗಿ ಒಂಬತ್ತು ಬಿಳಿ ಒಟ್ಟಿಗೆ ಇಡಿ: 45ರಿಂದ 49.5 ಗ್ರಾಂ ಬರಬೇಕು. ಒಂಬತ್ತು ಕಪ್ಪು ಇಡಿ: ಅಷ್ಟೇ ಬರಬೇಕು. ಬಿಳಿಗೂ ಕಪ್ಪಿಗೂ ಹೆಚ್ಚು ವ್ಯತ್ಯಾಸ ಬಂದರೆ ಆ ಸೆಟ್ಟಿನಲ್ಲಿ ಒಬ್ಬ ಆಟಗಾರನಿಗೆ ಅನ್ಯಾಯ ಆಗುತ್ತಿದೆ ಎಂದರ್ಥ.

ಮರದ ಕಾಯಿನ್ ಮಳೆಗಾಲದಲ್ಲಿ ತೇವ ಹೀರಿಕೊಂಡು ಕೊಂಚ ಉಬ್ಬುತ್ತದೆ. ಪ್ಲಾಸ್ಟಿಕ್ಕಿಗೆ ಆ ತೊಂದರೆ ಇಲ್ಲ, ಆದರೆ ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಅಚ್ಚಿನ ಗೆರೆ ಅಂಚಿನಲ್ಲಿ ಉಳಿದಿರುತ್ತದೆ. ಎರಡರಲ್ಲೂ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ.

ಇಲ್ಲೊಂದು ಎಚ್ಚರಿಕೆ. ಆಟಿಕೆಯ ಭಾಗ ಮೂರು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದೇ ಎಂದು ನೋಡಲು 3.17 ಸೆಂ.ಮೀ. ವ್ಯಾಸದ ಚಿಕ್ಕ ಕೊಳವೆ ಬಳಸುತ್ತಾರೆ. ಅದರೊಳಗೆ ಹೋಗುವ ವಸ್ತು ಪುಟ್ಟ ಮಕ್ಕಳ ಕೈಗೆ ಸಿಗಬಾರದು. ಕೇರಂ ಕಾಯಿನ್ನಿನ ವ್ಯಾಸ 3.02ರಿಂದ 3.18 ಸೆಂ.ಮೀ. ಎಂಬುದನ್ನು ನೆನಪಿಡಿ. ಕಾಣೆಯಾದ ಆ ಎರಡು ಕಾಯಿನ್ ಸೋಫಾದ ಕೆಳಗಿದ್ದರೆ, ಮೊದಲು ಸಿಗುವುದು ಅಂಬೆಗಾಲಿಡುವ ಮಗುವಿಗೆ. ಆಟ ಮುಗಿದ ಮೇಲೆ 19 ಎಣಿಸಿ ಡಬ್ಬಿಗೆ ಹಾಕುವ ಅಭ್ಯಾಸ ಒಳ್ಳೆಯದು.

ಪೌಡರ್: ಇಲ್ಲಿ ನಿಜಕ್ಕೂ ಎಚ್ಚರ ಬೇಕು

ಕೇರಂಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಬೋರಿಕ್ ಪೌಡರ್, ಅಂದರೆ ಬೋರಿಕ್ ಆಸಿಡ್. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ ಇದೆಯಲ್ಲ, ಅದರಿಂದಲೇ ಇದನ್ನು ತಯಾರಿಸುತ್ತಾರೆ. ಅದು ಇಷ್ಟು ಚೆನ್ನಾಗಿ ಜಾರುವುದು ಏಕೆ? ಅದರ ಹರಳು ಇಸ್ಪೀಟ್ ಎಲೆಗಳ ಕಟ್ಟಿನ ಹಾಗೆ ಪದರ ಪದರವಾಗಿದೆ. ಒಂದು ಪದರದೊಳಗಿನ ಅಣುಗಳು ಪರಸ್ಪರ ಬಿಗಿಯಾಗಿ ಹಿಡಿದಿರುತ್ತವೆ, ಆದರೆ ಪದರ ಪದರಗಳ ನಡುವಿನ ಹಿಡಿತ ಬಹಳ ಸಡಿಲ. ಕಾಯಿನ್ ಮೇಲೆ ಒತ್ತಿದಾಗ ಈ ಪದರಗಳು ಒಂದರ ಮೇಲೊಂದು ಜಾರುತ್ತವೆ. ಪೆನ್ಸಿಲ್ಲಿನ ಗ್ರಾಫೈಟ್ ಜಾರುವುದೂ ಇದೇ ರೀತಿ.

ಈಗ ಎರಡು ಫಾರ್ವರ್ಡ್‌ಗಳನ್ನು ಎದುರುಬದುರು ಇಡೋಣ.

"ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಏನೂ ಆಗುವುದಿಲ್ಲ": ಇದು ತಪ್ಪು. ಬೋರಿಕ್ ಆಸಿಡ್ ಹೊಟ್ಟೆಗೆ ಹೋದರೆ ವಿಷ. ಜಿರಳೆ ಕೊಲ್ಲಲು ಬಳಸುವುದೂ ಇದನ್ನೇ. ಕಳೆದ ಶತಮಾನದ ಮೊದಲರ್ಧದಲ್ಲಿ ಇದನ್ನು ನಂಜುನಿರೋಧಕ ಎಂದು ನಂಬಿ ಮಕ್ಕಳ ಮೈಗೆ ಹಾಕುವ ಪುಡಿಯಲ್ಲೂ ಬಳಸುತ್ತಿದ್ದರು. ಡಯಾಪರ್ ಜಾಗದ ಕೆಂಪು ಹುಣ್ಣುಗಳ ಮೂಲಕ ದೇಹ ಸೇರಿ ಶಿಶುಗಳು ಸತ್ತ ಮೇಲೆ ಆ ಬಳಕೆ ನಿಂತಿತು. ಮಾರಕ ಪ್ರಮಾಣ ಎಂದು ವೈದ್ಯಕೀಯ ಗ್ರಂಥಗಳು ಸಾಂಪ್ರದಾಯಿಕವಾಗಿ ಹೇಳುವುದು ವಯಸ್ಕರಿಗೆ 15ರಿಂದ 20 ಗ್ರಾಂ, ಮಕ್ಕಳಿಗೆ 5ರಿಂದ 6 ಗ್ರಾಂ, ಹಸುಗೂಸುಗಳಿಗೆ 2ರಿಂದ 3 ಗ್ರಾಂ. ಒಂದು ಟೀ ಚಮಚದಲ್ಲಿ ಮೂರ್ನಾಲ್ಕು ಗ್ರಾಂ ಹಿಡಿಯುತ್ತದೆ.

"ಕೇರಂ ಪೌಡರ್ ಮುಟ್ಟಿದರೆ ಮಕ್ಕಳಾಗುವುದಿಲ್ಲ": ಇದೂ ತಪ್ಪು, ಆದರೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಪ್ರಾಣಿಗಳಿಗೆ ಹೆಚ್ಚು ಪ್ರಮಾಣದಲ್ಲಿ ತಿನ್ನಿಸಿದ ಪ್ರಯೋಗಗಳಲ್ಲಿ ಸಂತಾನಶಕ್ತಿಯ ಮೇಲೆ ಪರಿಣಾಮ ಕಂಡಿತ್ತು. ಅದರ ಆಧಾರದ ಮೇಲೆ ಯುರೋಪಿಯನ್ ಒಕ್ಕೂಟ ಬೋರಿಕ್ ಆಸಿಡನ್ನು ಸಂತಾನಶಕ್ತಿಗೆ ಹಾನಿಕರ ಪದಾರ್ಥಗಳ ಪಟ್ಟಿಗೆ ಸೇರಿಸಿ, ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ನಿರ್ಬಂಧಿಸಿದೆ. ಅಲ್ಲಿ ಕೇರಂಗೆ ಆಲೂಗಡ್ಡೆಯ ಪಿಷ್ಟದ ಪುಡಿ ಮಾರುವುದು ಇದಕ್ಕೇ. ಆದರೆ ಟರ್ಕಿಯ ಬೋರಾನ್ ಗಣಿ ಮತ್ತು ಕಾರ್ಖಾನೆಗಳಲ್ಲಿ ದಿನವೂ ಇದರ ಧೂಳಿನಲ್ಲಿ ಕೆಲಸ ಮಾಡುವವರ ಮೇಲೆ ನಡೆದ ಅಧ್ಯಯನಗಳಲ್ಲಿ ಅಂಥ ಹಾನಿ ಸ್ಪಷ್ಟವಾಗಿ ಕಂಡಿಲ್ಲ. ಗಾಯವಿಲ್ಲದ ಚರ್ಮದ ಮೂಲಕ ಬೋರಿಕ್ ಆಸಿಡ್ ಒಳಸೇರುವುದು ಬಹಳ ಕಡಿಮೆ. ಸಂಜೆ ಎರಡು ಗಂಟೆ ಕೇರಂ ಆಡಿ ಕೈ ತೊಳೆದುಕೊಳ್ಳುವ ಯುವಕ ಹೆದರಬೇಕಿಲ್ಲ.

ಹಾಗಾದರೆ ಅಪಾಯ ಎಲ್ಲಿದೆ? ಆಡುವವರಲ್ಲಿ ಅಲ್ಲ, ಆಟದ ಪಕ್ಕದಲ್ಲಿ. ಬೋರ್ಡ್ ನೆಲದ ಮೇಲಿದ್ದರೆ ಅಂಬೆಗಾಲಿಡುವ ಮಗು ಅಂಗೈಯಲ್ಲಿ ಒರೆಸಿ ಬಾಯಿಗೆ ಹಾಕುತ್ತದೆ. ಇನ್ನೂ ದೊಡ್ಡ ಅಪಾಯ ಡಬ್ಬಿಯದು. ದೊಡ್ಡ ಪ್ಯಾಕೆಟ್ ತಂದು ಅರ್ಧವನ್ನು ಅಡುಗೆಮನೆಯ ಖಾಲಿ ಡಬ್ಬಿಗೆ ತುಂಬಿಡುತ್ತೇವೆ. ಬಿಳಿ ಪುಡಿ, ವಾಸನೆ ಇಲ್ಲ, ಹೇಳಿಕೊಳ್ಳುವಂಥ ರುಚಿಯೂ ಇಲ್ಲ. ಸೋಡಾಪುಡಿ ಅಥವಾ ಉಪ್ಪು ಎಂದು ಯಾರಾದರೂ ಬಳಸಿದರೆ ಇಡೀ ಮನೆಯ ಊಟದಲ್ಲಿ ಅದು ಸೇರುತ್ತದೆ.

ಮಗು ಪೌಡರ್ ತಿಂದಿದೆ ಎಂಬ ಅನುಮಾನ ಬಂದರೆ ಹೀಗೆ ಮಾಡಿ. ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬೆರಳು ಹಾಕಿ ಅಥವಾ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಪೌಡರಿನ ಡಬ್ಬಿಯನ್ನು ಜತೆಗೆ ತೆಗೆದುಕೊಂಡು ವೈದ್ಯರ ಬಳಿ ಹೋಗಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಆಂಬುಲೆನ್ಸಿಗೆ 108. ಒಂದು ಸಲ ನೆಕ್ಕಿದ ಬಹುತೇಕ ಪ್ರಕರಣಗಳಲ್ಲಿ ದೊಡ್ಡ ತೊಂದರೆ ಆಗುವುದಿಲ್ಲ, ಆದ್ದರಿಂದ ಗಾಬರಿ ಬೇಡ. ಆದರೆ ವಾಂತಿ, ಭೇದಿ, ಮೈ ಕೆಂಪಾಗುವುದು, ಮಂಪರು ಕಂಡರೆ ತಡ ಮಾಡುವಂತಿಲ್ಲ.

ಮೈದಾ, ಟಾಲ್ಕಂ: ಬದಲಿ ಆಗಬಲ್ಲವೇ?

ಮೈದಾ ಮತ್ತು ಅಕ್ಕಿಹಿಟ್ಟು ವಿಷವಲ್ಲ, ನಿಜ. ಆದರೆ ಗಾಳಿಯ ತೇವ ಹೀರಿ ಅಂಟಾಗುತ್ತವೆ, ಬೋರ್ಡಿನ ಮೈಗೆ ಕಚ್ಚಿಕೊಳ್ಳುತ್ತವೆ, ಇರುವೆ ಜಿರಳೆ ಕರೆಯುತ್ತವೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಒಂದು ಸಂಜೆಯೂ ಬಾಳುವುದಿಲ್ಲ.

ಟಾಲ್ಕ್ ಕೂಡ ಪದರ ಪದರವಾದ ಖನಿಜವೇ, ಹಾಗಾಗಿ ಜಾರುತ್ತದೆ. ತೊಂದರೆ ಅದರ ಧೂಳಿನಲ್ಲಿ. ಪುಟ್ಟ ಮಕ್ಕಳು ಟಾಲ್ಕಂ ಪೌಡರ್ ಉಸಿರಿಗೆ ಎಳೆದುಕೊಂಡು ಶ್ವಾಸಕೋಶಕ್ಕೆ ಅಪಾಯವಾದ ಪ್ರಕರಣಗಳು ವೈದ್ಯರಿಗೆ ಹಳೆಯ ಪರಿಚಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರಲ್ಲಿ ಟಾಲ್ಕನ್ನು "ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದ್ದು" ಎಂಬ ಗುಂಪಿಗೆ ಸೇರಿಸಿದೆ. ಆ ಪಟ್ಟಿ ಸಾಕ್ಷ್ಯ ಎಷ್ಟು ಬಲವಾಗಿದೆ ಎಂದು ಹೇಳುತ್ತದೆಯೇ ಹೊರತು, ಒಂದು ಚಿಟಿಕೆ ಬಳಸಿದರೆ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಆದರೂ ಬೋರಿಕ್ ಬದಲು ಟಾಲ್ಕಂ ಬಳಸಿ ಸುರಕ್ಷಿತರಾದೆವು ಎಂದುಕೊಳ್ಳಲು ಕಾರಣವಿಲ್ಲ.

ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಕೇರಂಗೆಂದೇ ಮಾರುವ ಪಿಷ್ಟದ ಪುಡಿ ಒಳ್ಳೆಯ ಆಯ್ಕೆ. ಡಬ್ಬಿಯ ಮೇಲೆ ಏನಿದೆ ಎಂದು ಬರೆದಿರದ, "ಸೂಪರ್ ಫಾಸ್ಟ್" ಎಂದಷ್ಟೇ ಇರುವ ಪೌಡರ್ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಯಾವ ಪೌಡರ್ ಆದರೂ ಈ ನಾಲ್ಕು ನಿಯಮ ಪಾಲಿಸಿ:

• ಚಿಟಿಕೆ ಸಾಕು. ಬೋರ್ಡ್ ಬೆಳ್ಳಗೆ ಕಂಡರೆ ಹೆಚ್ಚಾಗಿದೆ. ಹೆಚ್ಚಾದ ಪುಡಿ ಕಾಯಿನ್ನನ್ನು ತಡೆಯುತ್ತದೆ, ಓಡಿಸುವುದಿಲ್ಲ.
• ಬಾಯಿಂದ ಊದಬೇಡಿ, ಕೈ ತಟ್ಟಿ ಹಾರಿಸಬೇಡಿ. ಒಣ ಬಟ್ಟೆಯಿಂದ ಒರೆಸಿ.
• ಆಟದ ನಡುವೆ ಚುರುಮುರಿ, ಬೋಂಡಾ ಬೇಡ. ಆಟ ಮುಗಿಸಿ, ಸೋಪಿನಿಂದ ಕೈ ತೊಳೆದು ತಿನ್ನಿ. ಬೆರಳಿನಲ್ಲಿ ಗಾಯವಿದ್ದರೆ ಪಟ್ಟಿ ಹಾಕಿಕೊಂಡು ಆಡಿ.
• ಪೌಡರ್ ಅದರದ್ದೇ ಡಬ್ಬಿಯಲ್ಲಿರಲಿ, ಅಡುಗೆಮನೆಯ ಹೊರಗೆ, ಎತ್ತರದಲ್ಲಿರಲಿ.

ಸ್ಟ್ಯಾಂಡ್, ದೀಪ, ಕವರ್

ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲುಗಾಡದ ಮೇಜು ಇದ್ದರೆ ಸ್ಟ್ಯಾಂಡ್ ಅವಶ್ಯವಲ್ಲ. ಆದರೆ ಬೋರ್ಡ್ ನೆಲದಿಂದ ಮೇಲಿದ್ದರೆ ಬೆನ್ನಿಗೂ ಒಳ್ಳೆಯದು, ಪುಟ್ಟ ಮಗುವಿಗೂ ಒಳ್ಳೆಯದು. ಕ್ಲಬ್ಬುಗಳಲ್ಲಿ ಬೋರ್ಡಿನ ನಡುವೆ ನೇತುಹಾಕುವ ದೀಪ ಕೈ ನೆರಳು ಬೀಳದಿರಲೆಂದು. ಹಳೆಯ 60 ವ್ಯಾಟ್ ಬಲ್ಬಿನ ಬೆಳಕನ್ನು ಈಗ 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ, ಕೋಣೆಯ ದೀಪ ನೆತ್ತಿಯ ಮೇಲಿದ್ದರೆ ಅದೂ ಬೇಡ. ಕವರ್ ಧೂಳು ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಬೋರ್ಡನ್ನು ಗೋಡೆಗೆ ಓರೆಯಾಗಿ ವರ್ಷವಿಡೀ ಒರಗಿಸಿಟ್ಟರೆ ಯಾವ ದುಬಾರಿ ಕವರೂ ಕಾಪಾಡದು. ಒಣ ಜಾಗದಲ್ಲಿ ಮಂಚದ ಕೆಳಗೆ ಅಡ್ಡ ಮಲಗಿಸಿಡಿ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು?

ಯಾವುದೇ ಆಟದ ಸಾಮಾನು ಕೊಳ್ಳುವಾಗ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಇದರಿಂದ ಆಟದಲ್ಲಿ ಏನು ಬದಲಾಗುತ್ತದೆ? ಆ ಬದಲಾವಣೆಯನ್ನು ನಾನು ಅಳೆದು ನೋಡಬಹುದೇ? ಇದೇ ಕೆಲಸವನ್ನು ಮನೆಯಲ್ಲಿರುವ ಇನ್ನೊಂದು ವಸ್ತು ಮಾಡುತ್ತದೆಯೇ?

ಹೀಗೆ ಕೇಳಿದರೆ ಕೇರಂ ವಿಷಯದಲ್ಲಿ ಕ್ರಮ ತಾನಾಗಿಯೇ ಸಿಗುತ್ತದೆ. ಮೊದಲು ಸಮತಟ್ಟಾದ, 8 ಮಿ.ಮೀ. ಅಥವಾ ಹೆಚ್ಚು ದಪ್ಪದ, ಬಿಗಿಯಾದ ಕಟ್ಟಿನ ಬೋರ್ಡ್. ನಂತರ ಒಂದೇ ತೂಕದ ಕಾಯಿನ್ ಸೆಟ್. ಆಮೇಲೆ 15 ಗ್ರಾಂ ಮೀರದ ನಯವಾದ ಒಂದು ಸ್ಟ್ರೈಕರ್. ನಂತರ ಏನಿದೆ ಎಂದು ಬರೆದಿರುವ ಪೌಡರ್. ಉಳಿದದ್ದೆಲ್ಲ ಕೈಯಲ್ಲಿ ದುಡ್ಡು ಮಿಕ್ಕಿದರೆ. ಸೊಟ್ಟ ಬೋರ್ಡಿಗೆ ದುಬಾರಿ ಸ್ಟ್ರೈಕರ್ ತರುವುದು ಹಳ್ಳ ಬಿದ್ದ ರಸ್ತೆಗೆ ರೇಸ್ ಬೈಕ್ ತಂದ ಹಾಗೆ.

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ಗ್ರೂಪಿಗೆ ಕಳಿಸುವುದಾದರೆ ಸ್ಟ್ರೈಕರಿನ ಲೆಕ್ಕ ಬೇಡ, ಇದನ್ನು ಕಳಿಸಿ: ಕೇರಂ ಪೌಡರ್ ಔಷಧವೂ ಅಲ್ಲ, ಮುಟ್ಟಿದರೆ ಬಂಜೆತನ ತರುವ ಶಾಪವೂ ಅಲ್ಲ, ಆದರೆ ಮಗುವಿನ ಬಾಯಿಗೂ ಅಡುಗೆಮನೆಯ ಡಬ್ಬಿಗೂ ಅದು ಸೇರಬಾರದು. ಈ ರಜೆಯಲ್ಲಿ ಬೋರ್ಡ್ ಕೆಳಗಿಳಿಸುವ ಮುನ್ನ ಆ ಪೌಡರ್ ಡಬ್ಬಿ ಈಗ ನಿಮ್ಮ ಮನೆಯಲ್ಲಿ ಎಲ್ಲಿದೆ ಎಂದು ಒಮ್ಮೆ ಎದ್ದು ನೋಡಿ ಬನ್ನಿ.